ಫ್ರಾಯ್ ಬೆಂತೋಸ್: ಮುಚ್ಚಿದ ಕಾರ್ಖಾನೆಗೆಂದೇ ಹೋಗಬೇಕಾದ ಊರು

ಉರುಗ್ವೆಯ ರಾಜಧಾನಿ ಮೊಂತೆವಿದೆಯೊದಿಂದ ಬಸ್ಸಿನಲ್ಲಿ ನಾಲ್ಕು ಗಂಟೆಗೂ ಮಿಕ್ಕಿ ಕುಳಿತು ನಾನು ಫ್ರಾಯ್ ಬೆಂತೋಸಿಗೆ ಹೋದದ್ದು 1979ರಲ್ಲಿ ಬಾಗಿಲು ಹಾಕಿದ ಒಂದು ಮಾಂಸದ ಕಾರ್ಖಾನೆಯನ್ನು ನೋಡಲು. ನದಿಯ ದಂಡೆಯಲ್ಲಿರುವ ಈ ಕಾರ್ಖಾನೆ ಮತ್ತು ಅದರ ಸುತ್ತಲಿನ ಕಾರ್ಮಿಕರ ಬಡಾವಣೆಯನ್ನು ಯುನೆಸ್ಕೊ 2015ರಲ್ಲಿ ವಿಶ್ವ ಪರಂಪರೆಯ ತಾಣವೆಂದು ಘೋಷಿಸಿತು. ಹೆಚ್ಚಿನ ಪ್ರವಾಸಿಗರು ಇದಕ್ಕೆ ಅರ್ಧ ದಿನ ಮೀಸಲಿಟ್ಟು ಹೊರಟುಬಿಡುತ್ತಾರೆ. ಇಡೀ ಒಂದು ದಿನವನ್ನೇ ಕೊಡಿ ಎಂಬುದು ನನ್ನ ಸಲಹೆ.

ನೋಡುವ ಮುನ್ನ ಅದರ ಕಥೆ ಸ್ವಲ್ಪ ತಿಳಿದಿದ್ದರೆ ಒಳ್ಳೆಯದು. ಹತ್ತೊಂಬತ್ತನೆಯ ಶತಮಾನದ ಮಧ್ಯಭಾಗದಲ್ಲಿ ಈ ಸೀಮೆಯಲ್ಲಿ ದನಗಳನ್ನು ಮುಖ್ಯವಾಗಿ ತೊಗಲಿಗಾಗಿ ಕೊಲ್ಲುತ್ತಿದ್ದರು, ಮಾಂಸಕ್ಕೆ ಅಷ್ಟು ಬೆಲೆಯಿರಲಿಲ್ಲ. ಅತ್ತ ಯುರೋಪಿನಲ್ಲಿ ಮಾಂಸ ಬಡವರ ಕೈಗೆಟುಕುತ್ತಿರಲಿಲ್ಲ. ಜರ್ಮನಿಯ ರಸಾಯನ ವಿಜ್ಞಾನಿ ಲೀಬಿಗ್ ಮಾಂಸದ ಸತ್ವವನ್ನು ಬತ್ತಿಸಿ ಗಟ್ಟಿ ಪಾಕವಾಗಿಸುವ ವಿಧಾನವನ್ನು ವಿವರಿಸಿದ್ದರು. ಅದನ್ನು ಓದಿದ ಗೀಬರ್ಟ್ ಎಂಬ ಎಂಜಿನಿಯರು ದನಗಳೂ ಆಳವಾದ ನದಿ ಬಂದರೂ ಒಂದೇ ಕಡೆ ಇದ್ದ ಈ ಜಾಗವನ್ನು ಆರಿಸಿಕೊಂಡರು, ಮತ್ತು 1865ರಲ್ಲಿ ಲಂಡನ್ನಿನಲ್ಲಿ ಲೀಬಿಗ್ ಹೆಸರಿನ ಕಂಪನಿ ಹುಟ್ಟಿತು. ಒಂದು ಕಿಲೋ ಸತ್ವಕ್ಕೆ ಸುಮಾರು ಮೂವತ್ತು ಕಿಲೋ ಮಾಂಸ ಬೇಕಾಗುತ್ತಿತ್ತು ಎಂದರೆ ಇಲ್ಲಿ ಎಷ್ಟು ದನಗಳು ಬಂದು ಸಾಲುಗಟ್ಟಿರಬೇಕು ಎಂಬುದನ್ನು ಊಹಿಸಬಹುದು. ಮುಂದೆ ಡಬ್ಬಿಯಲ್ಲಿ ತುಂಬಿದ ಉಪ್ಪುಮಾಂಸ ಈ ಊರಿನ ಹೆಸರನ್ನೇ ಹೊತ್ತು ಜಗತ್ತಿನಾದ್ಯಂತ ಹೋಯಿತು. ಮೊದಲ ಮಹಾಯುದ್ಧದಲ್ಲಿ ಬ್ರಿಟಿಷ್ ಸೈನಿಕರು ತಮ್ಮ ಒಂದು ಟ್ಯಾಂಕಿಗೆ ಫ್ರಾಯ್ ಬೆಂತೋಸ್ ಎಂದೇ ಹೆಸರಿಟ್ಟಿದ್ದರಂತೆ. ಡಬ್ಬಿಯೊಳಗಿನ ಮಾಂಸದಂತೆ ತಾವೂ ತಗಡಿನೊಳಗೆ ಇದ್ದೇವೆಂಬ ಹಾಸ್ಯ ಅದರಲ್ಲಿದ್ದಿರಬೇಕು.

ಕಾರ್ಖಾನೆಯೊಳಗೆ 2005ರಲ್ಲಿ ತೆರೆದ ಕೈಗಾರಿಕಾ ಕ್ರಾಂತಿಯ ವಸ್ತುಸಂಗ್ರಹಾಲಯವಿದೆ. ದನಗಳನ್ನು ತೂಗುತ್ತಿದ್ದ ದೊಡ್ಡ ತಕ್ಕಡಿ, ತರಹೇವಾರಿ ಡಬ್ಬಿಗಳು, ಹಳೆಯ ಜಾಹೀರಾತುಗಳು ಎಲ್ಲವೂ ಇವೆ. ಆದರೆ ನನ್ನನ್ನು ಹಿಡಿದು ನಿಲ್ಲಿಸಿದ್ದು ಮಹಡಿಯ ಮೇಲಿನ ಕಚೇರಿ. ಕೆಲಸ ನಿಂತ ದಿನ ಇದ್ದ ಹಾಗೆಯೇ ಮೇಜುಗಳನ್ನೂ ಟೈಪ್‌ರೈಟರುಗಳನ್ನೂ ಲೆಕ್ಕದ ಪುಸ್ತಕಗಳನ್ನೂ ಬಿಟ್ಟಿದ್ದಾರೆ. ಒಂದು ಮೇಜಿನ ಕೆಳಗೆ ಬಗ್ಗಿ ನೋಡಿದರೆ ಮರದ ನೆಲ ಸವೆದು ಹಳ್ಳ ಬಿದ್ದಿದೆ; ದಶಕಗಳ ಕಾಲ ಅದೇ ಕುರ್ಚಿಯಲ್ಲಿ ಕುಳಿತು ಲೆಕ್ಕ ಬರೆದ ಗುಮಾಸ್ತನ ಪಾದ ಉಜ್ಜಿ ಆದ ಗುರುತು ಅದು. ಕೋಟಿಗಟ್ಟಲೆ ಡಬ್ಬಿಗಳ ಅಂಕಿಅಂಶ ಓದಿದಾಗ ಮನಸ್ಸಿಗೆ ತಟ್ಟದಿದ್ದದ್ದು ಆ ಹಳ್ಳ ಕಂಡಾಗ ತಟ್ಟಿತು.

ಎರಡನೆಯ ಸ್ಥಾನ ಯಂತ್ರಗಳ ಕೋಣೆಗೆ. ಉರುಗ್ವೆಯಲ್ಲಿ ಮೊದಲ ವಿದ್ಯುದ್ದೀಪ ಬೆಳಗಿದ್ದು 1883ರಲ್ಲಿ, ಇದೇ ಕಾರ್ಖಾನೆಯಲ್ಲಿ. ರಾಜಧಾನಿಗೆ ಆ ಭಾಗ್ಯ ಬಂದದ್ದು ಆಮೇಲೆ. ಸಾಲಾಗಿ ನಿಂತಿರುವ ಕಂಪ್ರೆಸರುಗಳ ನಡುವೆ ಮಾತನಾಡಿದರೆ ದನಿ ತಿರುಗಿ ಬರುತ್ತದೆ. ಕಸಾಯಿಖಾನೆ ಮತ್ತು ಕಿಟಕಿಗಳೇ ಇಲ್ಲದ ಬೃಹತ್ ಶೀತಲಗೃಹವನ್ನು ಮಾರ್ಗದರ್ಶಿಯ ಜೊತೆ ನೋಡುವುದು ಉತ್ತಮ, ಏಕೆಂದರೆ ವಿವರಣೆಯಿಲ್ಲದೆ ಅವು ಬರೀ ಖಾಲಿ ಕಟ್ಟಡಗಳಾಗಿ ಕಾಣುತ್ತವೆ. ಮಾಂಸ ತಿನ್ನದವರು ಹಿಂಜರಿಯಬೇಕಾಗಿಲ್ಲ. ಅಲ್ಲೀಗ ವಾಸನೆಯೂ ಉಳಿದಿಲ್ಲ, ಉಳಿದಿರುವುದು ಕೊಕ್ಕೆಗಳು ಮತ್ತು ಹಳಿಗಳು ಮಾತ್ರ. ದನದ ಕೂಗೊಂದನ್ನು ಬಿಟ್ಟು ಮಿಕ್ಕಿದ್ದೆಲ್ಲವನ್ನೂ ಇಲ್ಲಿ ಬಳಸುತ್ತಿದ್ದರು ಎಂಬ ಮಾತನ್ನು ಊರಿನವರು ಈಗಲೂ ಹೇಳುತ್ತಾರೆ. ಹೊರಗೆ ಬಂದರೆ 1924ರ ನಂತರದ ಬ್ರಿಟಿಷ್ ಒಡೆಯರ ಹೆಸರನ್ನು ಉಳಿಸಿಕೊಂಡ ಆಂಗ್ಲೋ ಬಡಾವಣೆ. ಕಾರ್ಮಿಕರ ತಗ್ಗಿನ ಸಾಲುಮನೆಗಳಲ್ಲಿ ಇಂದಿಗೂ ಸಂಸಾರಗಳಿವೆ, ಆದ್ದರಿಂದ ಕ್ಯಾಮೆರಾ ಎತ್ತುವ ಮುನ್ನ ಸ್ವಲ್ಪ ಸಂಕೋಚವಿರಲಿ.

ಊರಿನೊಳಗೆ ನೋಡುವುದು ಕಡಿಮೆ. ಚೌಕದಲ್ಲಿ ಕಂಪನಿಯೇ ಕೊಟ್ಟ ಕಬ್ಬಿಣದ ವಾದ್ಯಮಂಟಪ ಮತ್ತು ಹತ್ತಿರದಲ್ಲಿ ಮಿಗೆಲ್ ಯಂಗ್ ರಂಗಮಂದಿರ ಅರ್ಧ ಗಂಟೆಯಲ್ಲಿ ಮುಗಿಯುತ್ತವೆ. ಮಧ್ಯಾಹ್ನ ಅಂಗಡಿಗಳು ಮುಚ್ಚುವ ಪದ್ಧತಿಯನ್ನು ಮರೆತ ನಾನು ಮೂರು ಗಂಟೆಗೆ ಊಟ ಹುಡುಕಿ ಬಿಸ್ಕತ್ತಿನಲ್ಲಿ ಹೊಟ್ಟೆ ತುಂಬಿಸಿಕೊಂಡೆ, ತಪ್ಪು ನನ್ನದೇ. ಬೇಸಿಗೆಯಲ್ಲಿ ಹೋಗುವವರು ಕೆಲವೇ ಕಿಲೋಮೀಟರ್ ದೂರದ ಲಾಸ್ ಕಾನ್ಯಾಸ್ ನದೀತೀರದಲ್ಲಿ ಈಜಬಹುದು.

ಸಂಜೆ ನದಿಯ ಬದಿಯಲ್ಲಿ ಜನ ಬಿಸಿನೀರಿನ ಫ್ಲಾಸ್ಕನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು ಮಾಟೆ ಎಂಬ ಎಲೆಯ ಕಷಾಯ ಹೀರುತ್ತ ಕೂರುತ್ತಾರೆ. ನದಿಯಾಚೆಗಿನ ದಡ ಅರ್ಜೆಂಟೀನಾ. ಊರಿನ ಇನ್ನೊಂದು ಬದಿಯಲ್ಲಿ 2007ರಲ್ಲಿ ಆರಂಭವಾದ ಕಾಗದದ ತಿರುಳಿನ ಕಾರ್ಖಾನೆಯಿದೆ. ಅದು ನದಿಯನ್ನು ಕೆಡಿಸುತ್ತದೆಂದು ಆಚೆ ದಡದವರು ವರ್ಷಗಟ್ಟಲೆ ಗಡಿಯ ಸೇತುವೆಯ ರಸ್ತೆಯನ್ನು ತಡೆದಿದ್ದರು, ಜಗಳ ಹೇಗ್‌ನ ಅಂತರರಾಷ್ಟ್ರೀಯ ನ್ಯಾಯಾಲಯದವರೆಗೂ ಹೋಗಿ 2010ರಲ್ಲಿ ತೀರ್ಪು ಬಂತು. ಹಳೆಯ ಕಾರ್ಖಾನೆಯ ತಣ್ಣಗಿನ ಚಿಮಣಿಯನ್ನು ಬೆಳಿಗ್ಗೆ ನೋಡಿದವರು ಸಂಜೆ ಹೊಸದರ ಹೊಗೆಯನ್ನೂ ನೋಡಿ ಬಸ್ಸು ಹತ್ತಲಿ.