ಒಂದೇ ಬಾಣ, ಎರಡು ಕಾರಣ: ಗೇಮ್ ಆಫ್ ಥ್ರೋನ್ಸ್ ಓದಿದ್ದು, ನೋಡಿದ್ದು

ಗೇಮ್ ಆಫ್ ಥ್ರೋನ್ಸ್ ಧಾರಾವಾಹಿಯಲ್ಲಿ ಮದುವೆಯ ಔತಣಕ್ಕೆ ಕರೆದು ಅತಿಥಿಗಳನ್ನೇ ಕೊಲ್ಲುವ ‘ಕೆಂಪು ಮದುವೆ’ಯ ದೃಶ್ಯದ ನಡುವೆ ರಿಮೋಟ್ ಒತ್ತಿ ಪರದೆಯನ್ನು ನಿಲ್ಲಿಸಿದೆ. ನನ್ನ ತೊಡೆಯ ಮೇಲೆ ಅದರ ಮೂಲವಾದ ಜಾರ್ಜ್ ಆರ್. ಆರ್. ಮಾರ್ಟಿನ್ ಅವರ ಕಾದಂಬರಿ ಮಾಲೆಯ ಮೂರನೆಯ ಸಂಪುಟ ತೆರೆದಿತ್ತು. ಪರದೆಯ ಮೇಲೆ ಸ್ಟಾರ್ಕ್ ಮನೆತನದ ಕ್ಯಾಟ್ಲಿನ್, ಪಕ್ಕದಲ್ಲಿ ಕುಳಿತಿದ್ದ, ತನ್ನ ಪಕ್ಷದವನೇ ಎಂದುಕೊಂಡಿದ್ದ ರೂಸ್ ಬೋಲ್ಟನ್‌ನ ಅಂಗಿಯ ತೋಳನ್ನು ಸರಿಸುತ್ತಾಳೆ. ಒಳಗೆ ಉಕ್ಕಿನ ಕವಚ. ಪುಸ್ತಕದಲ್ಲಿ ಆ ತೋಳು ಬೋಲ್ಟನ್‌ನದಲ್ಲ, ಔತಣ ಕೊಟ್ಟ ಫ್ರೇ ಮನೆತನದ ಎಡ್ವಿನ್‌ನದು. ಅವಳು ಅವನನ್ನು ತಡೆಯಲು ಕೈ ಹಿಡಿಯುತ್ತಾಳೆ, ರೇಷ್ಮೆಯ ಕೆಳಗೆ ಕಬ್ಬಿಣದ ಉಂಗುರಗಳು ಬೆರಳಿಗೆ ತಗಲುತ್ತವೆ. ಓದುವಾಗ ಆ ತಣ್ಣನೆಯ ಲೋಹ ನನ್ನ ಕೈಗೇ ತಗಲಿದಂತಾಗಿತ್ತು. ನೋಡುವಾಗ ಹೆದರಿಸಿದ್ದು ಬೋಲ್ಟನ್‌ನ ಮುಖ.

“ಅಕ್ಕಾ, ಎರಡೂ ಒಂದೇ ಅಲ್ಲವೇ? ಕವಚ ಸಿಕ್ಕಿತು, ಮೋಸ ಗೊತ್ತಾಯಿತು. ಮುಂದಕ್ಕೆ ಹಾಕು,” ಎಂದಳು ತಂಗಿ.

ಅವಳು ಧಾರಾವಾಹಿಯನ್ನು ಮಾತ್ರ ನೋಡಿದವಳು, ಅದೂ ಮೂರು ಸಲ. ನಾನು ಐದು ಸಂಪುಟಗಳನ್ನೂ ಓದಿದವಳು, ಧಾರಾವಾಹಿಯನ್ನು ಅರ್ಧಕ್ಕೆ ಬಿಟ್ಟಿದ್ದವಳು. ಕಾದಂಬರಿಯನ್ನು ಹಾಳು ಮಾಡಿದರು ಎಂದು ನಾನು, ದಪ್ಪ ಪುಸ್ತಕಕ್ಕೆ ಜೀವ ಬಂದದ್ದೇ ಪರದೆಯ ಮೇಲೆ ಎಂದು ಅವಳು, ವರ್ಷಗಟ್ಟಲೆ ವಾದಿಸಿದ್ದೇವೆ. ಕೊನೆಗೆ ಈ ಮಳೆಗಾಲದಲ್ಲಿ ಎರಡನ್ನೂ ಮೊದಲಿನಿಂದ ಎದುರುಬದುರು ಇಟ್ಟು ನೋಡಿಯೇ ಬಿಡೋಣ ಎಂದು ಕುಳಿತೆ. ಮೊದಲ ಸಂಪುಟವನ್ನು ಪೂರ್ತಿ ಓದಿ ಆಮೇಲೆ ಮೊದಲ ಸೀಸನ್ ನೋಡಿದೆ. ಎರಡನೆಯದಕ್ಕೆ ಕ್ರಮವನ್ನು ತಿರುಗಿಸಿದೆ. ಮೂರನೆಯ ಸಂಪುಟಕ್ಕೆ ಬಂದಾಗ ರಾತ್ರಿ ಅಧ್ಯಾಯ, ಮರುದಿನ ಅದರ ಕಂತು, ಹೀಗೆ ಜೊತೆಜೊತೆಯಾಗಿ. ಒಟ್ಟು ಎಂಟು ಸೀಸನ್, 73 ಕಂತು.

ಮೊದಲು ನನ್ನ ಸೋಲನ್ನು ಒಪ್ಪಿಕೊಳ್ಳುತ್ತೇನೆ. ಮೂಲದಲ್ಲಿ ಇಲ್ಲದ್ದನ್ನು ಸೇರಿಸಿದ ಕಡೆಯೆಲ್ಲ ಧಾರಾವಾಹಿ ಕೆಟ್ಟಿದೆ ಎಂಬ ನನ್ನ ಹಳೆಯ ನಂಬಿಕೆ ಮೊದಲ ಸೀಸನ್‌ನ ಐದನೆಯ ಕಂತಿನಲ್ಲೇ ಮುರಿದುಬಿತ್ತು. ರಾಜ ರಾಬರ್ಟ್ ಮತ್ತು ರಾಣಿ ಸೆರ್ಸಿ ಇಬ್ಬರೇ ಕುಳಿತು ತಮ್ಮ ಸತ್ತುಹೋದ ದಾಂಪತ್ಯದ ಬಗ್ಗೆ ಮಾತನಾಡುತ್ತಾರೆ. ನಮ್ಮಿಬ್ಬರ ನಡುವೆ ಎಂದಾದರೂ ಏನಾದರೂ ಸಾಧ್ಯವಿತ್ತೇ ಎಂದು ಅವಳು ಕೇಳುತ್ತಾಳೆ. ಇಲ್ಲ ಎನ್ನುತ್ತಾನೆ ಅವನು. ಈ ದೃಶ್ಯ ಪುಸ್ತಕದಲ್ಲಿ ಇಲ್ಲ, ಇರಲು ಸಾಧ್ಯವೂ ಇಲ್ಲ. ಮೊದಲ ಸಂಪುಟದಲ್ಲಿ ಪೀಠಿಕೆಯನ್ನು ಬಿಟ್ಟರೆ ಎಂಟೇ ಜನರ ಕಣ್ಣಿನಿಂದ ಕಥೆ ನಡೆಯುತ್ತದೆ. ಆ ಎಂಟರಲ್ಲಿ ರಾಬರ್ಟ್ ಇಲ್ಲ, ಸೆರ್ಸಿಯೂ ಇಲ್ಲ. ಅವರಿಬ್ಬರೇ ಇರುವ ಕೋಣೆಯ ಬಾಗಿಲು ಓದುಗರಿಗೆ ಮುಚ್ಚಿದೆ. ಕ್ಯಾಮೆರಾಕ್ಕೆ ಆ ತಡೆ ಇಲ್ಲ.

ಎರಡನೆಯ ಸೀಸನ್‌ನ ಹ್ಯಾರೆನ್‌ಹಾಲ್ ಕೋಟೆಯ ಭಾಗವೂ ಹಾಗೆಯೇ. ಕಾದಂಬರಿಯಲ್ಲಿ ಕ್ಯಾಟ್ಲಿನ್‌ಳ ಮಗಳು ಆರ್ಯಾ ಗುರುತು ಮರೆಸಿಕೊಂಡು ಪಾನೀಯ ಬಡಿಸುವುದು ರೂಸ್ ಬೋಲ್ಟನ್‌ಗೆ. ಧಾರಾವಾಹಿ ಅವಳನ್ನು ನೇರವಾಗಿ ಶತ್ರುವಾದ ಟೈವಿನ್ ಲ್ಯಾನಿಸ್ಟರ್‌ನ ಮುಂದೆ ತಂದು ನಿಲ್ಲಿಸಿತು. ಆ ಪಾತ್ರಗಳಲ್ಲಿ ಚಾರ್ಲ್ಸ್ ಡ್ಯಾನ್ಸ್ ಮತ್ತು ಮೇಸಿ ವಿಲಿಯಮ್ಸ್ ಎದುರುಬದುರಾದಾಗ ಒಂದೊಂದು ಮಾತೂ ತೂಗುಕತ್ತಿ. ಹುಡುಗಿಯ ಕಣ್ಣಿನಲ್ಲಿ ದ್ವೇಷ, ಅದರೊಳಗೇ ಒಂದಿಷ್ಟು ಮೆಚ್ಚುಗೆ. ಈ ಭಾಗವನ್ನು ಮೊದಲು ನೋಡಿ ಆಮೇಲೆ ಓದಿದಾಗ ಪುಸ್ತಕದ ಹ್ಯಾರೆನ್‌ಹಾಲ್ ನನಗೆ ಸಪ್ಪೆ ಎನಿಸಿತು. ಮೂಲದ ಪಕ್ಷದವಳಾಗಿ ಇದನ್ನು ಬರೆಯಲು ಮನಸ್ಸು ಹಿಂಜರಿಯುತ್ತದೆ, ಆದರೆ ಅನುಭವ ಅದೇ.

ಐದನೆಯ ಸೀಸನ್‌ನಲ್ಲಿ, ಉತ್ತರದ ಹಿಮದ ಗೋಡೆಯಾಚೆಗಿನ ನೆಲೆಯಾದ ಹಾರ್ಡ್‌ಹೋಮ್‌ನ ಭಾಗ ಇನ್ನೂ ದೊಡ್ಡ ಉದಾಹರಣೆ. ಕಾದಂಬರಿಯಲ್ಲಿ ಅಲ್ಲಿನ ಅನಾಹುತ ಗೋಡೆಯ ಕಾವಲುಪಡೆಯ ನಾಯಕ ಜಾನ್ ಸ್ನೋಗೆ ಗೊತ್ತಾಗುವುದು ಒಂದು ಪತ್ರದಿಂದ: ಕಾಡಿನಲ್ಲಿ ಸತ್ತವರಿದ್ದಾರೆ, ನೀರಿನಲ್ಲಿಯೂ ಸತ್ತವರಿದ್ದಾರೆ ಎಂಬ ಒರಟು ಅಕ್ಷರಗಳು. ಓದಿದ ರಾತ್ರಿ ಆ ಎರಡು ವಾಕ್ಯಗಳೇ ನನಗೆ ಸಾಕಾಗಿದ್ದವು. ಧಾರಾವಾಹಿ ಜಾನ್‌ನನ್ನೇ ಅಲ್ಲಿಗೆ ಕಳುಹಿಸಿತು. ದೋಣಿ ದಡ ಬಿಟ್ಟ ಮೇಲೆ ಸತ್ತವರ ಸೇನೆಯ ಒಡೆಯನಾದ ಹಿಮದ ರಾಜ ಸದ್ದಿಲ್ಲದೆ ಎರಡೂ ತೋಳುಗಳನ್ನು ಎತ್ತುತ್ತಾನೆ, ಈಗಷ್ಟೇ ಸತ್ತವರು ಒಬ್ಬೊಬ್ಬರಾಗಿ ಕಣ್ಣು ತೆರೆಯುತ್ತಾರೆ. ಪತ್ರವೂ ಸರಿ, ಯುದ್ಧವೂ ಸರಿ. ಎರಡರಲ್ಲೂ ಕಾರಣ ಒಂದೇ: ಸಾವು ದಕ್ಷಿಣಕ್ಕೆ ಬರುತ್ತಿದೆ, ಆದ್ದರಿಂದ ಗೋಡೆಯಾಚೆಯವರನ್ನು ಉಳಿಸಿಕೊಳ್ಳಬೇಕು.

ಇಲ್ಲಿಂದಲೇ ನನ್ನ ಅಳತೆಗೋಲು ಬದಲಾಯಿತು. ಘಟನೆ ಬದಲಾಗಿದೆಯೇ ಎಂದು ನೋಡುವುದನ್ನು ಬಿಟ್ಟೆ. ಆ ಪಾತ್ರ ಆ ಕೆಲಸವನ್ನು ಯಾಕೆ ಮಾಡಿತು ಎಂಬುದು ಉಳಿದಿದೆಯೇ ಎಂದು ಹುಡುಕತೊಡಗಿದೆ.

ಹಾಗೆ ಹುಡುಕಿದಾಗ ಕೆಂಪು ಮದುವೆ ಎರಡು ತುಂಡಾಗುತ್ತದೆ. ಕಾದಂಬರಿಯಲ್ಲಿ ಕ್ಯಾಟ್ಲಿನ್‌ಳ ಮಗ ರಾಬ್ ಮದುವೆಯಾಗುವುದು ಜೇನ್ ವೆಸ್ಟರ್ಲಿಂಗ್ ಎಂಬ ಹುಡುಗಿಯನ್ನು. ಗಾಯಗೊಂಡು ಮಲಗಿದ್ದಾಗ ತಮ್ಮಂದಿರು ಸತ್ತರೆಂಬ ಸುದ್ದಿ ಬರುತ್ತದೆ. ಆ ದುಃಖದಲ್ಲಿ ಅವಳ ಆಸರೆ ಪಡೆಯುತ್ತಾನೆ, ಬೆಳಗಾದ ಮೇಲೆ ಅವಳ ಮಾನ ಉಳಿಸಲು ಫ್ರೇ ಮನೆತನದ ಹುಡುಗಿಯನ್ನು ಮದುವೆಯಾಗುವೆನೆಂದು ಕೊಟ್ಟ ಮಾತನ್ನು ಮುರಿದು ಕೈ ಹಿಡಿಯುತ್ತಾನೆ. ಮರ್ಯಾದೆಗಾಗಿಯೇ ತಲೆ ಕೊಟ್ಟ ತಂದೆಯ ಮಗ ಅವನು. ಧಾರಾವಾಹಿಯ ರಾಬ್ ಮದುವೆಯಾಗುವುದು ತಲೀಸಾ ಎಂಬ ವೊಲಾಂಟಿಸ್‌ನ ಶುಶ್ರೂಷಕಿಯನ್ನು, ಬರೀ ಪ್ರೀತಿಗಾಗಿ. ಕಾರಣ ಬದಲಾಯಿತು, ರಾಬ್ ಸ್ವಲ್ಪ ಹಗುರಾದ. ಆದರೆ ಜೇನ್ ಮದುವೆಗೆ ಹೋಗುವುದಿಲ್ಲ, ರಿವರ್‌ರನ್‌ನಲ್ಲಿ ಉಳಿಯುತ್ತಾಳೆ. ಬಸುರಿ ತಲೀಸಾ ಮಾತ್ರ ಸಭಾಂಗಣದಲ್ಲೇ ಇದ್ದಾಳೆ, ಮೊದಲ ಇರಿತ ಬೀಳುವುದು ಅವಳ ಹೊಟ್ಟೆಗೆ. ಎಷ್ಟನೆಯ ಸಲ ನೋಡಿದರೂ ತಂಗಿ ಆ ಕ್ಷಣಕ್ಕೆ ಮುಖ ತಿರುಗಿಸುತ್ತಾಳೆ. ಇಲ್ಲಿ ನಾನು ಯಾರಿಗೂ ಪೂರ್ತಿ ಅಂಕ ಕೊಡಲಾರೆ.

ಟಿರಿಯನ್‌ನ ವಿಷಯದಲ್ಲಿ ಮಾತ್ರ ಕೊಡಬಲ್ಲೆ, ಅದು ಕಾದಂಬರಿಗೆ.

ಮೂರನೆಯ ಸಂಪುಟದ ಕೊನೆ. ಮರಣದಂಡನೆಗೆ ಕಾದಿದ್ದ ಟಿರಿಯನ್‌ನನ್ನು ಅಣ್ಣ ಜೇಮಿ ಸೆರೆಮನೆಯಿಂದ ಬಿಡಿಸುತ್ತಾನೆ. ಬಿಡಿಸುತ್ತ ಒಂದು ಹಳೆಯ ಸತ್ಯವನ್ನು ಹೇಳಿಬಿಡುತ್ತಾನೆ. ಹದಿಮೂರನೆಯ ವಯಸ್ಸಿನಲ್ಲಿ ಟಿರಿಯನ್ ಮದುವೆಯಾಗಿದ್ದ ಟೈಶಾ ಹಣಕ್ಕೆ ಬಂದವಳಲ್ಲ. ಅವಳು ಹಾಗೆ ಬಂದವಳು ಎಂದು ಸುಳ್ಳು ಹೇಳಿಸಿದ್ದು ತಂದೆ ಟೈವಿನ್. ಅಂದರೆ ಜೀವನದಲ್ಲಿ ಒಬ್ಬಳು ಅವನನ್ನು ನಿಜವಾಗಿ ಪ್ರೀತಿಸಿದ್ದಳು, ಅವಳನ್ನು ತಂದೆ ಕಾವಲುಗಾರರ ಕೈಗೆ ಒಪ್ಪಿಸಿ ಹಾಳು ಮಾಡಿದ್ದ. ಟಿರಿಯನ್ ಬಿಡಿಸಲು ಬಂದ ಅಣ್ಣನ ಮುಖಕ್ಕೇ ಹೊಡೆಯುತ್ತಾನೆ, ತನ್ನ ಮೇಲೆ ಹೊರಿಸಿದ್ದ ಕೊಲೆಯನ್ನೇ ಹಿಡಿದು, ರಾಜ ಜೋಫ್ರಿಯನ್ನು ಕೊಂದವನು ನಾನೇ ಎಂದು ಸುಳ್ಳು ಹೇಳಿ ಅವನ ಎದೆಗೆ ಚುಚ್ಚುತ್ತಾನೆ. ಇಬ್ಬರೂ ವೈರಿಗಳಾಗಿ ಬೇರೆಯಾಗುತ್ತಾರೆ. ಅಲ್ಲಿಂದ ನೇರವಾಗಿ ತಂದೆಯ ಬಳಿಗೆ. ಶೌಚಗೃಹದಲ್ಲಿ ಕುಳಿತ ಟೈವಿನ್‌ಗೆ ಅಡ್ಡಬಿಲ್ಲು ಹಿಡಿದು ಅವನು ಕೇಳುವುದು ಒಂದೇ ಪ್ರಶ್ನೆ: ಟೈಶಾ ಎಲ್ಲಿಗೆ ಹೋದಳು? ಅವಳಂಥವರು ಹೋಗುವ ಕಡೆಗೆ ಎನ್ನುತ್ತಾನೆ ತಂದೆ. ಬಾಣ ಬಿಡುತ್ತಾನೆ ಮಗ.

ನಾಲ್ಕನೆಯ ಸೀಸನ್‌ನ ಕೊನೆಯ ಕಂತಿನಲ್ಲಿ ಅದೇ ಸೆರೆಮನೆ, ಅದೇ ಶೌಚಗೃಹ, ಅದೇ ಅಡ್ಡಬಿಲ್ಲು. ಆದರೆ ಜೇಮಿ ತಮ್ಮನನ್ನು ಅಪ್ಪಿಕೊಂಡು ಕಳುಹಿಸುತ್ತಾನೆ. ಟೈಶಾಳ ಮಾತೇ ಇಲ್ಲ. ಮೊದಲ ಸೀಸನ್‌ನಲ್ಲಿ ಡೇರೆಯೊಳಗೆ ತನ್ನ ಬಂಟ ಬ್ರಾನ್ ಮತ್ತು ಪ್ರೇಯಸಿ ಶೇ ಅವರ ಮುಂದೆ ಟಿರಿಯನ್ ಆ ಹಳೆಯ ಕಥೆಯನ್ನು ಹೇಳಿದ್ದ. ಬಿತ್ತಿದ್ದರು, ಕೊಯ್ಯಲಿಲ್ಲ. ಬಿಡುಗಡೆಯ ದಾರಿ ತೆರೆದಿದ್ದರೂ ಅವನು ಮೆಟ್ಟಿಲು ಹತ್ತಿ ತಂದೆಯ ಕೋಣೆಗೆ ಯಾಕೆ ಹೋದ ಎಂದು ತಂಗಿಯನ್ನು ಕೇಳಿದೆ. “ಸಿಟ್ಟು ಇತ್ತಲ್ಲ,” ಎಂದಳು. ಸಿಟ್ಟು ಇತ್ತು, ನಿಜ. ಟಿರಿಯನ್ ಪಾತ್ರದ ಪೀಟರ್ ಡಿಂಕ್ಲೇಜ್ ಆ ಸಿಟ್ಟನ್ನು ಕಣ್ಣಿನಲ್ಲೇ ತೋರಿಸಿದ್ದಾರೆ. ಆದರೆ ಪುಸ್ತಕದಲ್ಲಿ ಇರುವುದು ಸಿಟ್ಟಿಗಿಂತ ಆಳದ್ದು, ಇಡೀ ಬಾಳು ಒಂದು ಸುಳ್ಳಿನ ಮೇಲೆ ನಿಂತಿತ್ತು ಎಂದು ತಿಳಿದವನ ಕುಸಿತ. ಐದನೆಯ ಸಂಪುಟದ ಟಿರಿಯನ್ ಕಹಿಯಾಗಿ, ಕ್ರೂರವಾಗಿ, ಹೋದ ಕಡೆಯೆಲ್ಲ ಅದೇ ಪ್ರಶ್ನೆಯನ್ನು ಕೇಳುತ್ತ ಅಲೆಯುತ್ತಾನೆ. ಧಾರಾವಾಹಿಯ ಟಿರಿಯನ್ ದುಃಖಿ, ಸಜ್ಜನ, ಸಿಂಹಾಸನಕ್ಕೆ ಹಕ್ಕು ಸಾಧಿಸುವ ಡೆನೇರಿಸ್‌ಳ ಸಲಹೆಗಾರ. ಆ ಒಂದು ಮಾತನ್ನು ಕತ್ತರಿಸಿದ ಜಾಗದಿಂದ ಅವನು ಬೇರೆಯೇ ಮನುಷ್ಯನಾದ.

ಮೂಲವನ್ನು ಬದಲಿಸುವುದೇ ಅಪರಾಧ ಎಂದು ಕನ್ನಡ ಓದುಗರು ಹೇಳಲಾರರು. ಪಂಪನ ಭಾರತದಲ್ಲಿ ದ್ರೌಪದಿ ಅರ್ಜುನನೊಬ್ಬನ ಹೆಂಡತಿ. ಅಷ್ಟು ದೊಡ್ಡ ಬದಲಾವಣೆಯನ್ನು ಸಾವಿರ ವರ್ಷದಿಂದ ಪ್ರೀತಿಯಿಂದ ಓದುತ್ತಿದ್ದೇವೆ. ಪಂಪನಿಗೆ ತಾನು ಯಾಕೆ ಬದಲಿಸುತ್ತಿದ್ದೇನೆ ಎಂಬುದು ಸ್ಪಷ್ಟವಿತ್ತು: ಅರ್ಜುನನಲ್ಲಿ ಅವನಿಗೆ ತನ್ನ ಆಶ್ರಯದಾತ ಅರಿಕೇಸರಿ ಕಾಣಬೇಕಿತ್ತು.

ಕೊನೆಯ ಸೀಸನ್‌ಗಳ ಬಗ್ಗೆ ಹೋಲಿಕೆ ಸಾಧ್ಯವಿಲ್ಲ, ಏಕೆಂದರೆ ಹೋಲಿಸಲು ಪುಸ್ತಕವೇ ಇಲ್ಲ. ಐದನೆಯ ಸಂಪುಟ 2011ರ ಜುಲೈಯಲ್ಲಿ ಬಂತು, ಆರನೆಯದಕ್ಕೆ ಕಾಯುತ್ತಲೇ ಇದ್ದೇವೆ. ಹತ್ತು ಹತ್ತು ಕಂತುಗಳಿದ್ದ ಸೀಸನ್ ಏಳನೆಯದರಲ್ಲಿ ಏಳಕ್ಕೆ, ಎಂಟನೆಯದರಲ್ಲಿ ಆರಕ್ಕೆ ಇಳಿಯಿತು. ಶರಣಾಗತಿಯ ಗಂಟೆಗಳು ಮೊಳಗಿದ ಮೇಲೂ ಡೆನೇರಿಸ್ ರಾಜಧಾನಿಯನ್ನು ಸುಟ್ಟದ್ದಕ್ಕೆ ನನ್ನ ತಕರಾರಿಲ್ಲ. ಅಲ್ಲಿಗೆ ಅವಳು ನಡೆದು ಬರುವಷ್ಟು ದಾರಿಯನ್ನು ಹಾಕಲಿಲ್ಲ ಎಂಬುದು ನೋವು. ಈ ಒಂದರಲ್ಲಿ ತಂಗಿಗೂ ನನಗೂ ಜಗಳವಿಲ್ಲ.

ಹೊಸದಾಗಿ ಶುರುಮಾಡುವವರು ಕೇಳಿದರೆ, ಮೊದಲ ಎರಡು ಸೀಸನ್‌ಗಳನ್ನು ಮೊದಲು ನೋಡಿ ಎನ್ನುತ್ತೇನೆ. ಮನೆತನಗಳ ಹೆಸರು, ಮುಖ ನೆನಪಿನಲ್ಲಿ ನಿಲ್ಲುತ್ತವೆ, ಆಮೇಲೆ ಓದು ಸಲೀಸು. ಮೂರನೆಯ ಸಂಪುಟವನ್ನು ಮಾತ್ರ ನೋಡುವ ಮುಂಚೆ ಓದಲೇಬೇಕು.

ಕಳೆದ ವಾರ ತಂಗಿ ನನ್ನ ಪುಸ್ತಕವನ್ನು ಕೇಳಿ ಒಯ್ದಳು. ಟಿರಿಯನ್‌ನ ಆ ಅಧ್ಯಾಯವನ್ನು ಮಾತ್ರ ಓದುತ್ತೇನೆ ಎಂದಿದ್ದಳು. ರಾತ್ರಿ ಹನ್ನೊಂದಕ್ಕೆ ನನ್ನ ಕೋಣೆಗೆ ಬಂದು, ಪುಟದ ನಡುವೆ ಬೆರಳಿಟ್ಟುಕೊಂಡೇ ಕೇಳಿದಳು: “ಅಕ್ಕಾ, ಹಾಗಾದರೆ ಟೈಶಾ ಎಲ್ಲಿಗೆ ಹೋದಳು?”

ಐದು ಸಂಪುಟಗಳಲ್ಲಿ ಅದಕ್ಕೆ ಉತ್ತರವಿಲ್ಲ ಎಂದೆ. ಅವಳು ಬಾಗಿಲ ಬಳಿಯೇ ಕುಳಿತು ಆ ಪುಟವನ್ನು ಮತ್ತೆ ಓದತೊಡಗಿದಳು.