ಶಿಕ್ಷಕ ಪ್ರಶಸ್ತಿ ಅರ್ಜಿಗೆ ಸ್ಕ್ಯಾನ್ ಮಾಡಿಸೋದಾದ್ರೆ ಉಡುಪಿಯ ಈ ಅಂಗಡಿ

ರಾಷ್ಟ್ರೀಯ ಶಿಕ್ಷಕ ಪ್ರಶಸ್ತಿಗೆ ನಾವೇ ಆನ್‌ಲೈನ್‌ನಲ್ಲಿ ಅರ್ಜಿ ಹಾಕಬೇಕು. ಜೊತೆಗೆ ಮಾಡಿದ ಕೆಲಸದ ದಾಖಲೆ, ಫೋಟೊ, ವಿಡಿಯೊ ಎಲ್ಲ ಕೊಡಬೇಕು. ನನ್ನ ಕಾಗದಪತ್ರಗಳನ್ನು ಉಡುಪಿ ಸಿಟಿ ಬಸ್ ನಿಲ್ದಾಣದ ಹತ್ತಿರದ ಪುಟ್ಟ ಜೆರಾಕ್ಸ್ ಅಂಗಡಿಯಲ್ಲಿ ಸ್ಕ್ಯಾನ್ ಮಾಡಿಸಿದೆ. ತುಂಬಾ ಖುಷಿಯಾಯಿತು.

ನನ್ನ ಮುಖ್ಯ ದಾಖಲೆ ಅಂದ್ರೆ ಆರನೇ ಕ್ಲಾಸಿನ ಮಕ್ಕಳು ಮಳೆ ಎಷ್ಟು ಬಂತು ಅಂತ ಅಳೆದು ಬರೆದಿಟ್ಟ ಪುಸ್ತಕ. ಎಲ್ಲ ಪೆನ್ಸಿಲ್ ಬರಹ. ಕಪ್ಪು-ಬಿಳುಪಿನಲ್ಲಿ ಸ್ಕ್ಯಾನ್ ಮಾಡಿದಾಗ ಮಿಲಿಮೀಟರಿನ ಅಂಕಿಗಳೇ ಮಾಯ. ಕೌಂಟರಿನ ಹುಡುಗಿ ತಾನೇ ಗಮನಿಸಿ, "ಟೀಚರ್, ಮಕ್ಕಳ ಅಕ್ಷರ ಕಾಣ್ಬೇಕಲ್ವಾ?" ಅಂತ ಕಲರ್‌ನಲ್ಲಿ ಮತ್ತೆ ತೆಗೆದಳು. ರಬ್ಬರಿನಲ್ಲಿ ಉಜ್ಜಿ ತಿದ್ದಿದ ಗುರುತು ಕೂಡ ಬಂತು. ನನಗೆ ಬೇಕಾದ್ದೂ ಅದೇ. ಮಗು ತಾನೇ ಅಳೆದು ತಿದ್ದಿಕೊಂಡಿದೆ ಅನ್ನೋದಕ್ಕೆ ಅದಕ್ಕಿಂತ ಒಳ್ಳೆ ಸಾಕ್ಷಿ ಇಲ್ಲ. ಶಾಲು ಹೊದ್ದ ಸನ್ಮಾನದ ಫೋಟೊ ಎಷ್ಟಿದ್ದರೂ ಅದನ್ನು ಹೇಳಲ್ಲ.

ಫೈಲಿನ ಗಾತ್ರ ಇಳಿಸಿ, ಪ್ರತಿಯೊಂದಕ್ಕೂ ತಿಂಗಳು, ಚಟುವಟಿಕೆಯ ಹೆಸರು ಹಾಕಿಕೊಟ್ಟರು. ವಿಡಿಯೊ ಎಡಿಟಿಂಗ್ ಇಲ್ಲಿ ಮಾಡುವುದಿಲ್ಲ. ಸಂಜೆ ಕಾಲೇಜು ಬಿಟ್ಟ ಮೇಲೆ ರಶ್ ಜಾಸ್ತಿ, ಬೆಳಿಗ್ಗೆಯೇ ಹೋಗಿ. ಕೆಲಸ ಮುಗಿದ ಮೇಲೆ ಅವರ ಕಂಪ್ಯೂಟರಿನಿಂದ ಮಕ್ಕಳ ಫೋಟೊ ಅಳಿಸಲು ಹೇಳಿ. ನಾನು ಕೇಳಿದ ಕೂಡಲೇ ನನ್ನೆದುರೇ ಅಳಿಸಿದರು.