11 ತಿಂಗಳ ಚೈನು, 2 ಮಿಲಿಮೀಟರ್ ಗಿಡ್ಡ ಲಾಕು

ಬಳ್ಳಾರಿಯಿಂದ ತೋರಣಗಲ್ಲಿಗೆ ದಿನವೂ ಹೋಗಿಬರುವ ನನ್ನ 125 ಸಿಸಿ ಬೈಕಿಗೆ ಈ ಚೈನ್ ಸ್ಪ್ರಾಕೆಟ್ ಕಿಟ್ ಹಾಕಿಸಿ 11 ತಿಂಗಳಾಯಿತು, 16,000 ಕಿ.ಮೀ. ಓಡಿದೆ. ಸ್ಪ್ರಾಕೆಟ್ಟಿನ (ಹಲ್ಲುಚಕ್ರದ) ಹಲ್ಲುಗಳ ಲೆಕ್ಕ ಡಬ್ಬಿಯ ಮೇಲೆಯೇ ಇರುವುದರಿಂದ ಅದನ್ನು ಬಿಟ್ಟು, ಮೊದಲ ಸಂಜೆಯೇ ಕಾಡಿದ ಲಾಕಿನ, ಅಂದರೆ ಚೈನಿನ ಎರಡು ತುದಿಗಳನ್ನು ಜೋಡಿಸುವ ಕೊಂಡಿಯ, ವಿಚಾರಕ್ಕೆ ಬರುತ್ತೇನೆ.

ಸ್ಪ್ರಾಕೆಟ್‌ಗಳೆರಡೂ ಸಲೀಸಾಗಿ ಕೂತವು. ಚೈನಿನ ಎರಡು ತುದಿಗಳನ್ನು ಹಿಂದಿನ ಸ್ಪ್ರಾಕೆಟ್ಟಿನ ಹಲ್ಲುಗಳ ಮೇಲೆ ಸೇರಿಸಿ, ಲಾಕಿನ ಪಿನ್ನುಗಳನ್ನು ತೂರಿಸಿ, ಹೊರಪ್ಲೇಟು ಕೂರಿಸಿದರೆ, ಪಿನ್ನಿನ ತುದಿಯಲ್ಲಿ ಕ್ಲಿಪ್ ಹಿಡಿಯಬೇಕಾದ ಕಚ್ಚು ಹೊರಗೆ ಕಾಣಲೇ ಇಲ್ಲ. ಚೈನು ಬಿಗಿಯಾಗಿರುವುದೇ ಕಾರಣವಿರಬಹುದೆಂದು ಮೆಕ್ಯಾನಿಕ್ ಆಕ್ಸಲ್ ನಟ್ ಸಡಿಲಿಸಿ ಚಕ್ರವನ್ನು ಮುಂದಕ್ಕೆ ತಳ್ಳಿದರು, ಪ್ರಯೋಜನವಾಗಲಿಲ್ಲ. ಸುತ್ತಿಗೆಯಿಂದ ಬಡಿದಾಗ ಕಚ್ಚಿನ ಅಂಚು ಇಣುಕಿತಾದರೂ, ಪ್ಲೇಟುಗಳು ಒಂದಕ್ಕೊಂದು ಒತ್ತಿಕೊಂಡು ಆ ಕೊಂಡಿ ಮಡಚದಷ್ಟು ಬಿಗಿದುಕೊಂಡಿತು. ಅರ್ಧ ಹಿಡಿದ ಕ್ಲಿಪ್ಪನ್ನು ನಂಬಿ ಅದಿರು ಲಾರಿಗಳ ನಡುವೆ ಬೈಕ್ ಓಡಿಸುವ ಧೈರ್ಯ ನನಗಿರಲಿಲ್ಲ, ಬಿಚ್ಚಿಸಿದೆ.

ಮರುದಿನ ಕೌಲ್ ಬಜಾರಿನ ಲೇತ್ ಅಂಗಡಿಯವರು ವರ್ನಿಯರ್ ಹಿಡಿದು ನೋಡಿ, “ಚೈನು ದಪ್ಪಂದು, ಲಾಕು ತೆಳ್ಳಂದು ಸಾರ್” ಎಂದರು. ಚೈನಿನ ಅಳತೆ 428ಎಚ್ (ಎಚ್ ಎಂದರೆ ದಪ್ಪ ಪ್ಲೇಟಿನದು), ಡಬ್ಬಿಯಲ್ಲಿದ್ದ ಲಾಕು ಸಾದಾ 428. ಎರಡರಲ್ಲೂ ಪಿನ್ನಿನಿಂದ ಪಿನ್ನಿಗೆ ಇರುವ ಅಂತರ 12.7 ಮಿ.ಮೀ.; ರೋಲರ್ ಗಾತ್ರವೂ ಒಂದೇ. ಆದ್ದರಿಂದಲೇ ಎಲ್ಲವೂ ಸರಿಯಾಗಿ ಕೂತಂತೆ ಕಾಣುತ್ತದೆ. ಆದರೆ 428ಎಚ್‌ನ ಪ್ಲೇಟು ಸುಮಾರು 2 ಮಿ.ಮೀ., ಸಾದಾ ಚೈನಿನದು ಸುಮಾರು 1.5. ಪಿನ್ನು ನಾಲ್ಕು ಪ್ಲೇಟುಗಳನ್ನು ದಾಟಬೇಕಾಗಿರುವುದರಿಂದ ಸಾದಾ ಲಾಕಿನ ಪಿನ್ನು 428ಎಚ್‌ನದಕ್ಕಿಂತ ಹೆಚ್ಚುಕಡಿಮೆ 2 ಮಿ.ಮೀ. ಗಿಡ್ಡವಾಗಿರುತ್ತದೆ. ಮಾರಿದ ಅಂಗಡಿಯವರು ಕಿಟ್ ಬಿಚ್ಚಿಯಾಗಿದೆಯೆಂದು ಬದಲಿಸಿ ಕೊಡಲಿಲ್ಲ. ಸರಿಯಾದ ಲಾಕು ಬೇರೆಡೆ 30 ರೂಪಾಯಿಗೆ ಸಿಕ್ಕಿತು. ನನ್ನ ಅರ್ಧ ದಿನದ ರಜೆ ಮಾತ್ರ ಹೋಯಿತು.

ಆ ಸಿಟ್ಟಿನಲ್ಲೇ ಬರೆದಿದ್ದರೆ ಒಂದು ನಕ್ಷತ್ರವನ್ನೂ ಕೊಡುತ್ತಿರಲಿಲ್ಲ. ಆದರೆ ಚೈನು ಮಾತ್ರ ನಿಜಕ್ಕೂ ಗಟ್ಟಿ. ನಮ್ಮ ದಾರಿಯ ಕೆಂಪು ಅದಿರಿನ ಧೂಳು ಎಣ್ಣೆಯೊಂದಿಗೆ ಬೆರೆತರೆ ಸಾಣೆ ಹಿಡಿಯುವ ಮಸಾಲೆಯೇ ಆಗುತ್ತದೆ. ಹಳೆಯ ಚೈನು 12,000 ಕಿ.ಮೀ.ಗೇ ಜೋತುಬಿದ್ದಿತ್ತು. ಈಗ ಭಾನುವಾರ ಬೆಳಿಗ್ಗೆ ಬಿಸಿಲೇರುವ ಮುನ್ನ ಬೈಕನ್ನು ಡಬಲ್ ಸ್ಟ್ಯಾಂಡಿಗೆ ಹಾಕಿ, ಡೀಸೆಲ್‌ನಲ್ಲಿ ಅದ್ದಿದ ಹಳೆಯ ಟೂತ್‌ಬ್ರಷ್‌ನಿಂದ ಒಂದೊಂದೇ ಕೊಂಡಿಯನ್ನು ಉಜ್ಜಿ, ಬನಿಯನ್ ಬಟ್ಟೆಯಿಂದ ಒರೆಸಿ, 90 ನಂಬರಿನ ಗೇರ್ ಆಯಿಲನ್ನು ಒಳಬದಿಯ ರೋಲರುಗಳ ಮೇಲೆ ಹನಿಹನಿಯಾಗಿ ಬಿಡುತ್ತೇನೆ. ಚಕ್ರವನ್ನು ಕೈಯಿಂದ ತಿರುಗಿಸಿದಾಗ ಬರುವ ಆ ಮೆದುವಾದ ಸದ್ದಿಗೆ ಚಹಾ ಆರಿಹೋದರೂ ಬೇಸರವಿಲ್ಲ. ಲಾಕು ಬರುವಾಗ ಮಾತ್ರ ಕೈ ನಿಲ್ಲಿಸಿ, ಕ್ಲಿಪ್ಪಿನ ಮುಚ್ಚಿದ ತುದಿ ಚೈನು ಓಡುವ ದಿಕ್ಕಿಗೇ ಇದೆಯೇ ಎಂದು ನೋಡುತ್ತೇನೆ.

ಇದುವರೆಗೆ ಚೈನು ಬಿಗಿ ಮಾಡಿಸಿದ್ದು ಮೂರೇ ಸಲ. ಸಂಬಳದ ಲೆಕ್ಕದಲ್ಲಿ ಬದುಕುವ ನನಗೆ ಇದು ದುಬಾರಿಯಲ್ಲ. ಚೈನಿಗೆ ನಾಲ್ಕು ನಕ್ಷತ್ರ, ಲಾಕಿಗೆ ಒಂದೂ ಇಲ್ಲ. ಮುಂದಿನ ಕಿಟ್ ಕೂಡ ಇದನ್ನೇ ತರುವೆ; ಆದರೆ ಅಂಗಡಿಯ ಕಟ್ಟೆಯ ಮೇಲೇ ಲಾಕು ಕೂರಿಸಿ ನೋಡಿದ ಮೇಲಷ್ಟೇ ಹಣ ಎಣಿಸುವೆ.